ನಾಶವಾದ ವರದಿ, ಉಳಿದ ಕಾದಂಬರಿ: ಡು ಬಾಯ್ಸ್ ಅವರನ್ನು ಓದುತ್ತಾ

1906ರಲ್ಲಿ ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಎಂಬ ಸಮಾಜಶಾಸ್ತ್ರದ ಪ್ರಾಧ್ಯಾಪಕರು ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದಲ್ಲಿರುವ ಲೌಂಡ್ಸ್ ಕೌಂಟಿ ಎಂಬ ಜಿಲ್ಲೆಗೆ ಸಹಾಯಕರ ತಂಡವೊಂದನ್ನು ಕಟ್ಟಿಕೊಂಡು ಹೋದರು. ಅಲ್ಲಿ ಹತ್ತಿ ಬೆಳೆಯುವವರು ಕಪ್ಪು ಜನ, ಹೊಲಗಳ ಒಡೆತನ ಬಹುಪಾಲು ಬಿಳಿಯರದು. ಯಾರ ಹೆಸರಿನಲ್ಲಿ ಎಷ್ಟು ಭೂಮಿಯಿದೆ, ದುಡಿಯುವವನ ಸಾಲ ಹೇಗೆ ಹುಟ್ಟಿ ಹೇಗೆ ಬೆಳೆಯುತ್ತದೆ, ಅಲ್ಲಿನ ನ್ಯಾಯಾಲಯಗಳು ಯಾರ ಪರವಾಗಿ ನಡೆಯುತ್ತವೆ, ಕುಟುಂಬಗಳು ಹೇಗೆ ಬದುಕುತ್ತಿವೆ ಎಂಬುದನ್ನೆಲ್ಲ ಅವರು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರು. ಕೌಂಟಿಯ ಕೆಲವು ಕಡೆಗಳಲ್ಲಿ ಅವರ ಸಹಾಯಕರನ್ನು ಬಂದೂಕುಗಳೇ ಎದುರುಗೊಂಡವು. ಕೆಲಸಕ್ಕೆ ಹಣ ಕೊಟ್ಟದ್ದು ಒಕ್ಕೂಟ ಸರ್ಕಾರದ ಕಾರ್ಮಿಕ ಇಲಾಖೆ. ಆದರೆ ಸಿದ್ಧವಾದ ವರದಿಯನ್ನು ಕೈಗೆ ಕೊಟ್ಟ ಮೇಲೆ, ಇದು ರಾಜಕೀಯ ವಿಷಯಗಳನ್ನು ಮುಟ್ಟುತ್ತದೆ ಎಂದು ಹೇಳಿ ಇಲಾಖೆ ಅದನ್ನು ಪ್ರಕಟಿಸಲಿಲ್ಲ. ಹಸ್ತಪ್ರತಿಯನ್ನಾದರೂ ಹಿಂದಿರುಗಿಸಿ ಎಂದು ಡು ಬಾಯ್ಸ್ ಮುಂದೆ ಕೇಳಿಕೊಂಡಾಗ, ಅದನ್ನು ನಾಶಪಡಿಸಲಾಗಿದೆ ಎಂಬ ಉತ್ತರ ಬಂದಿತು.

1911ರಲ್ಲಿ ಅವರ ಮೊದಲ ಕಾದಂಬರಿ ‘ದಿ ಕ್ವೆಸ್ಟ್ ಆಫ್ ದಿ ಸಿಲ್ವರ್ ಫ್ಲೀಸ್’ ಹೊರಬಂದಿತು. ಅದರ ಕಥೆ ನಡೆಯುವುದು ಅಲಬಾಮಾದ ಹತ್ತಿಹೊಲಗಳಲ್ಲಿ. ಸರ್ಕಾರದ ಕಪಾಟಿನಲ್ಲಿ ಸತ್ತುಹೋದ ಸಂಗತಿಗಳು ಇಲ್ಲಿ ಮನುಷ್ಯರ ರೂಪ ತಾಳಿ ನಡೆದಾಡುವುದನ್ನು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಡು ಬಾಯ್ಸ್ ಅವರೇ ತಮ್ಮ ಆತ್ಮಕಥನವೊಂದರಲ್ಲಿ ಈ ಕಾದಂಬರಿಯನ್ನು ಒಂದು ಆರ್ಥಿಕ ಅಧ್ಯಯನವೆಂದು ಕರೆದುಕೊಂಡಿದ್ದಾರೆ. ಕಾದಂಬರಿಕಾರನೊಬ್ಬ ತನ್ನ ಕೃತಿಯನ್ನು ಹೀಗೆ ವರ್ಣಿಸುವುದು ಅಪರೂಪ. ಡು ಬಾಯ್ಸ್ ಎಂದರೆ ಇತಿಹಾಸಕಾರ, ಸಮಾಜವಿಜ್ಞಾನಿ, ನಾಗರಿಕ ಹಕ್ಕುಗಳ ಹೋರಾಟಗಾರ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅವರು ಕಾದಂಬರಿಗಳನ್ನೂ ಬರೆದರು ಎಂಬುದು ಒಂದು ಅಡಿಟಿಪ್ಪಣಿಯಂತೆ ಬಂದು ಹೋಗುತ್ತದೆ. ಅವರ ಐದು ಕಾದಂಬರಿಗಳನ್ನು ಓದುತ್ತ ಬಂದ ನನಗೆ ಇದು ದೊಡ್ಡ ಅನ್ಯಾಯವೆಂದು ತೋರಿದೆ. ಅಂಕಿಅಂಶಗಳನ್ನು ಕೇಳುವ ಕಿವಿಗಳು ಮುಚ್ಚಿಕೊಂಡಾಗಲೆಲ್ಲ ಅವರು ಕಥೆಯ ಕಡೆಗೆ ತಿರುಗಿದರು. ಆ ಕಾದಂಬರಿಗಳು ವಿದ್ವಾಂಸನ ಬಿಡುವಿನ ವೇಳೆಯ ಹವ್ಯಾಸವಲ್ಲ, ಅವರ ವಿದ್ವತ್ತಿನ ಇನ್ನೊಂದು ಅರ್ಧ.

ಅವರು ಹುಟ್ಟಿದ್ದು 1868ರ ಫೆಬ್ರವರಿ 23ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಪುಟ್ಟ ಪಟ್ಟಣದಲ್ಲಿ. ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡು ಆಗ ಎರಡೇ ವರ್ಷಗಳಾಗಿದ್ದವು. ತಂದೆ ಆಲ್ಫ್ರೆಡ್ ಬೇಗನೆ ಮನೆ ಬಿಟ್ಟು ಹೋದರು. ತಾಯಿ ಮೇರಿ ಸಿಲ್ವಿನಾ ಬರ್ಗ್‌ಹಾರ್ಟ್ ಪಾರ್ಶ್ವವಾಯುವಿನಿಂದ ನರಳುತ್ತಲೇ ಮಗನನ್ನು ಬೆಳೆಸಿ, ಅವನು ಹೈಸ್ಕೂಲು ಮುಗಿಸಿದ ಮರುವರ್ಷ ತೀರಿಕೊಂಡರು. ಊರಿನ ಚರ್ಚುಗಳು ಸಂಗ್ರಹಿಸಿ ಕೊಟ್ಟ ಹಣದ ಬಲದಿಂದ ಹುಡುಗ 1885ರಲ್ಲಿ ಟೆನೆಸಿಯ ನ್ಯಾಶ್‌ವಿಲ್‌ನಲ್ಲಿದ್ದ ಫಿಸ್ಕ್ ವಿಶ್ವವಿದ್ಯಾಲಯ ಸೇರಿದನು. ಬೇಸಿಗೆಯ ರಜೆಯಲ್ಲಿ ಟೆನೆಸಿಯ ಹಳ್ಳಿಯೊಂದರಲ್ಲಿ, ಮರದ ದಿಮ್ಮಿಗಳ ಗುಡಿಸಲೊಂದನ್ನು ಶಾಲೆಯಾಗಿಸಿಕೊಂಡು ಕಪ್ಪು ಮಕ್ಕಳಿಗೆ ಪಾಠ ಹೇಳಿದ್ದು ಅವರ ಬದುಕಿನ ದೊಡ್ಡ ಪಾಠವಾಯಿತು. ಜೋಸಿ ಎಂಬ ಹುಡುಗಿ, ಓದಬೇಕೆಂಬ ಹಂಬಲದಿಂದ ಆ ಶಾಲೆಗೆ ಬರುತ್ತಿದ್ದವಳು, ಮನೆಯ ಭಾರವನ್ನೆಲ್ಲ ಹೊತ್ತು ದುಡಿದು ಸತ್ತುಹೋದ ಸುದ್ದಿ ಹತ್ತು ವರ್ಷಗಳ ನಂತರ ಆ ಊರಿಗೆ ಮತ್ತೆ ಹೋದಾಗ ಅವರಿಗೆ ತಿಳಿಯಿತು. ಅವರ ಪುಟಗಳಲ್ಲಿ ಜೋಸಿ ಕೆಲವೇ ಪುಟಗಳಷ್ಟು ಕಾಲ ಬದುಕುತ್ತಾಳೆ, ಆದರೆ ಆ ಪುಟಗಳನ್ನು ಬರೆದ ಕೈ ಕಾದಂಬರಿಕಾರನದೇ.

ಮುಂದಿನ ಓದು ಹಾರ್ವರ್ಡ್‌ನಲ್ಲಿ. ನಡುವೆ 1892ರಿಂದ ಎರಡು ವರ್ಷ ಬರ್ಲಿನ್‌ನಲ್ಲಿ, ಗುಸ್ಟಾಫ್ ಶ್ಮೋಲರ್ ಅವರಂಥ ಅರ್ಥಶಾಸ್ತ್ರಜ್ಞರ ಬಳಿ. ಸಿದ್ಧಾಂತವನ್ನು ಮೊದಲೇ ಕಟ್ಟಿಕೊಂಡು ಅದಕ್ಕೆ ಸಾಕ್ಷ್ಯ ಹುಡುಕುವುದಲ್ಲ, ಸಂಗತಿಗಳನ್ನು ತಾಳ್ಮೆಯಿಂದ ಕೂಡಿಸಿ ಅವುಗಳಿಂದ ಮೇಲೇರಬೇಕು ಎಂಬ ಶಿಸ್ತನ್ನು ಅವರು ಬರ್ಲಿನ್‌ನಿಂದ ಹೊತ್ತು ತಂದರು. 1895ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ಅಮೆರಿಕನ್ನರಾದರು. ಅಷ್ಟಾದರೂ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಫಿಲಡೆಲ್ಫಿಯಾ ನಗರದ ಏಳನೆಯ ವಾರ್ಡಿನ ಕಪ್ಪು ಜನರನ್ನು ಅಧ್ಯಯನ ಮಾಡಲು ಅವರನ್ನು ಕರೆಸಿಕೊಂಡಾಗ ಕೊಟ್ಟದ್ದು ಸಹಾಯಕ ಎಂಬ ಪದನಾಮ ಮಾತ್ರ. ಪಾಠ ಹೇಳುವ ಅವಕಾಶವಿರಲಿಲ್ಲ, ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ಹೆಸರೂ ಇರಲಿಲ್ಲ. ನವವಿವಾಹಿತ ದಂಪತಿ, ಅವರು ಮತ್ತು ನೀನಾ ಗೋಮರ್, ಆ ಬಡ ವಾರ್ಡಿನಲ್ಲಿಯೇ ಕೋಣೆ ಹಿಡಿದು ನೆಲೆಸಿದರು. ಸಾವಿರಾರು ಜನರನ್ನು ಡು ಬಾಯ್ಸ್ ಒಬ್ಬರೇ ಸ್ವತಃ ಭೇಟಿಯಾಗಿ ಮಾತನಾಡಿಸಿದರು. 1899ರಲ್ಲಿ ಪ್ರಕಟವಾದ ‘ದಿ ಫಿಲಡೆಲ್ಫಿಯಾ ನೀಗ್ರೋ’ ಅಮೆರಿಕದ ನಗರ ಸಮಾಜಶಾಸ್ತ್ರದ ಮೊದಲ ದೊಡ್ಡ ಕೃತಿಗಳಲ್ಲೊಂದು. ಬಡತನಕ್ಕೂ ಅಪರಾಧಕ್ಕೂ ಜನಾಂಗದ ರಕ್ತವಲ್ಲ, ಉದ್ಯೋಗದ ಬಾಗಿಲುಗಳು ಮುಚ್ಚಿರುವುದು, ಗುಲಾಮಗಿರಿಯ ಇತಿಹಾಸ ಮತ್ತು ಪರಿಸರ ಕಾರಣವೆಂದು ಅದು ಕೋಷ್ಟಕಗಳ ಮೇಲೆ ಕೋಷ್ಟಕವಿಟ್ಟು ತೋರಿಸಿತು. ಅಜ್ಞಾನವೇ ರೋಗ, ಜ್ಞಾನವೇ ಔಷಧ ಎಂದು ಆ ದಿನಗಳಲ್ಲಿ ಅವರು ನಂಬಿದ್ದರು.

ಆ ನಂಬಿಕೆಗೆ ಬಿದ್ದ ಪೆಟ್ಟು 1899ರ ಏಪ್ರಿಲ್ ತಿಂಗಳಿನದು. ಆಗ ಅವರು ಜಾರ್ಜಿಯಾದ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಸ್ಯಾಮ್ ಹೋಸ್ ಎಂಬ ಕಪ್ಪು ಕೂಲಿಕಾರ ತನ್ನ ಧಣಿಯನ್ನು ಕೊಂದನೆಂಬ ಸುದ್ದಿ ಹಬ್ಬಿ, ಜನರ ಗುಂಪು ಅವನನ್ನು ಹುಡುಕುತ್ತಿತ್ತು. ಪ್ರಕರಣದ ಸತ್ಯಾಂಶಗಳ ಬಗ್ಗೆ ಸಂಯಮದ ಪತ್ರವೊಂದನ್ನು ಬರೆದುಕೊಂಡು, ಅದನ್ನು ನಗರದ ಪತ್ರಿಕೆಯೊಂದರ ಸಂಪಾದಕರಿಗೆ ಕೊಡಲೆಂದು ಡು ಬಾಯ್ಸ್ ಹೊರಟರು. ದಾರಿಯಲ್ಲಿ ಅವರಿಗೆ ಎರಡು ವಿಷಯ ತಿಳಿದವು: ಹೋಸ್‌ನನ್ನು ಆಗಲೇ ಜೀವಂತ ಸುಟ್ಟುಹಾಕಿದ್ದರು, ಅವನ ಬೆರಳಿನ ಗೆಣ್ಣುಗಳನ್ನು ಅದೇ ಬೀದಿಯ ಮುಂದಿನ ಅಂಗಡಿಯೊಂದರಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಅವರು ಪತ್ರ ಕೊಡದೆ ವಿಶ್ವವಿದ್ಯಾಲಯಕ್ಕೆ ಹಿಂದಿರುಗಿದರು. ಜನರನ್ನು ಹೀಗೆ ಕೊಲ್ಲುತ್ತಿರುವಾಗ ಶಾಂತಚಿತ್ತನಾದ, ನಿರ್ಲಿಪ್ತನಾದ ವಿಜ್ಞಾನಿಯಾಗಿ ಇರುವುದು ಸಾಧ್ಯವಿಲ್ಲವೆಂದು ಅವರಿಗೆ ಆ ದಿನ ಮನವರಿಕೆಯಾಯಿತು. ಇದಾದ ಮರುತಿಂಗಳೇ ಅವರ ಎಳೆಯ ಮಗ ಬರ್ಗ್‌ಹಾರ್ಟ್ ಗಂಟಲಮಾರಿಯಿಂದ ತೀರಿಕೊಂಡನು. ಜಾರ್ಜಿಯಾದ ಕೆಂಪು ಮಣ್ಣಿನಲ್ಲಿ ಮಗುವನ್ನು ಹೂಳಲು ಮನಸ್ಸೊಪ್ಪದೆ ತಂದೆತಾಯಿ ಅವನನ್ನು ಉತ್ತರಕ್ಕೆ, ಗ್ರೇಟ್ ಬ್ಯಾರಿಂಗ್ಟನ್‌ಗೆ ಒಯ್ದರು.

ಹಾಗೆಂದು ಅವರು ವಿಜ್ಞಾನವನ್ನು ಕೈಬಿಡಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಮರುವರ್ಷವೇ ಪ್ಯಾರಿಸ್‌ನ ವಿಶ್ವ ಪ್ರದರ್ಶನಕ್ಕಾಗಿ ಅವರೂ ಅವರ ವಿದ್ಯಾರ್ಥಿಗಳೂ ಕಪ್ಪು ಅಮೆರಿಕನ್ನರ ಬದುಕಿನ ಅಂಕಿಅಂಶಗಳನ್ನು ಕೈಯಿಂದ ಬಣ್ಣಬಣ್ಣದ ನಕ್ಷೆಗಳಾಗಿ ಬಿಡಿಸಿದರು. ಇಂದು ನೋಡಿದರೂ ಅವು ಕಣ್ಣು ಕೀಳಲು ಬಿಡುವುದಿಲ್ಲ. ಆದರೆ 1903ರಲ್ಲಿ ಬಂದ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ ಬೇರೆಯೇ ಬಗೆಯ ಪುಸ್ತಕ. ಇತಿಹಾಸ, ಸಮಾಜಶಾಸ್ತ್ರ, ಆತ್ಮಕಥೆ, ಗುಲಾಮರ ಹಾಡುಗಳು, ಸತ್ತ ಮಗುವಿನ ಶೋಕ, ಇವೆಲ್ಲವನ್ನೂ ಒಂದೇ ರಟ್ಟಿನೊಳಗೆ ಇಟ್ಟ ಆ ಕೃತಿಯಲ್ಲಿ, ಕೊನೆಯ ಅಧ್ಯಾಯಕ್ಕೆ ಮುಂಚೆ ಒಂದು ಸಣ್ಣಕಥೆಯೂ ಇದೆ. ಜಾನ್ ಎಂಬ ಕಪ್ಪು ಯುವಕ ಉತ್ತರದಲ್ಲಿ ಓದಿ ತನ್ನ ಊರಿಗೆ ಮರಳಿದಾಗ, ಬಿಳಿಯರಿಗೂ ಬೇಡವಾಗಿ ತನ್ನವರಿಗೂ ಪರಕೀಯನಾಗಿ, ಕೊನೆಗೆ ಗುಂಪಿನ ಕೈಗೆ ಸಿಗುವ ಕಥೆ ಅದು. ತನ್ನನ್ನು ತಾನು ಸದಾ ಇನ್ನೊಬ್ಬರ ಕಣ್ಣಿನಿಂದ ನೋಡಿಕೊಳ್ಳಬೇಕಾದ ಇಬ್ಬಂದಿ ಪ್ರಜ್ಞೆಯ ಬಗ್ಗೆ ಮೊದಲ ಅಧ್ಯಾಯ ಹೇಳುವುದೇನೋ ಪ್ರಸಿದ್ಧವಾಗಿದೆ. ಆ ಪ್ರಜ್ಞೆಯನ್ನು ಹೊತ್ತವನಿಗೆ ಏನಾಗುತ್ತದೆ ಎಂಬುದನ್ನು ತೋರಿಸಲು ಮಾತ್ರ ಅವರಿಗೆ ಕಥೆಯೇ ಬೇಕಾಯಿತು. ಅದೇ ಪುಸ್ತಕದಲ್ಲಿ, ಮತದಾನ ಮತ್ತು ಉನ್ನತ ಶಿಕ್ಷಣದ ಬೇಡಿಕೆಗಳನ್ನು ಬದಿಗಿಟ್ಟು ಕಸುಬು ಕಲಿಯಿರಿ ಎನ್ನುತ್ತಿದ್ದ ಪ್ರಭಾವಿ ನಾಯಕ ಬುಕರ್ ಟಿ. ವಾಷಿಂಗ್ಟನ್ ಅವರನ್ನು ಡು ಬಾಯ್ಸ್ ಗೌರವದಿಂದಲೇ, ಆದರೆ ನೇರವಾಗಿ ವಿರೋಧಿಸಿದರು.

ಈಗ ಮೊದಲ ಕಾದಂಬರಿಗೆ ಬರುತ್ತೇನೆ. ಗುಲಾಮಗಿರಿ ಹೋದ ಮೇಲೂ ಹತ್ತಿಯ ನಾಡಿನಲ್ಲಿ ದುಡಿಯುವವರನ್ನು ಕಟ್ಟಿಹಾಕಿದ್ದು ಪಾಲಿನ ಬೇಸಾಯ. ವರ್ಷದ ಆರಂಭದಲ್ಲಿ ಧಣಿ ಕಾಳು, ಬೀಜ, ಹೇಸರಗತ್ತೆಗಳನ್ನು ಸಾಲವಾಗಿ ಕೊಡುತ್ತಾನೆ. ಬರಲಿರುವ ಬೆಳೆಯೇ ಆ ಸಾಲಕ್ಕೆ ಅಡವು. ಲೆಕ್ಕದ ಪುಸ್ತಕ ಇರುವುದು ಧಣಿಯ ಬಳಿ, ಬೆಲೆ ಹಾಕುವವನೂ ಅವನೇ. ಹತ್ತಿ ಬಿಡಿಸಿ ಅಂಡಿಗೆ ಕಟ್ಟಿದ ಮೇಲೆ ಲೆಕ್ಕ ನೋಡಿದರೆ ಸಾಲ ಇನ್ನೂ ಉಳಿದಿರುತ್ತದೆ, ಅದನ್ನು ತೀರಿಸಲು ಮುಂದಿನ ವರ್ಷವೂ ಅಲ್ಲಿಯೇ ದುಡಿಯಬೇಕು. ಈ ವ್ಯವಸ್ಥೆಯನ್ನು ಕೋಷ್ಟಕದಲ್ಲಿ ಓದುವುದು ಒಂದು. ಜೋರಾ ಎಂಬ ಹುಡುಗಿ ಜೌಗುಕಾಡಿನ ನಡುವೆ ಒಂದು ತುಂಡು ನೆಲವನ್ನು ಕಡಿದು ಹಸನು ಮಾಡಿ, ಬ್ಲೆಸ್ ಆಲ್ವಿನ್ ಎಂಬ ಹುಡುಗನೊಡನೆ ಸೇರಿ, ಆ ನಾಡಿನಲ್ಲೇ ಅತ್ಯುತ್ತಮವಾದ ಹತ್ತಿಯನ್ನು ಬೆಳೆದು ತಂದಾಗ, ಕರ್ನಲ್ ಕ್ರೆಸ್‌ವೆಲ್ ತನ್ನ ಲೆಕ್ಕದ ಪುಸ್ತಕ ತೆರೆದು ಅದೆಲ್ಲವನ್ನೂ ನುಂಗಿಹಾಕಿ ಅವಳನ್ನು ಸಾಲಗಾರಳನ್ನಾಗಿ ಮಾಡಿ ಕಳುಹಿಸುವ ದೃಶ್ಯವನ್ನು ಓದುವುದು ಇನ್ನೊಂದು. ಆ ದೃಶ್ಯ ಓದುವಾಗ ನನಗೆ ಸಿಟ್ಟು ಬಂದಿತ್ತು. ಅದೇ ಲೇಖಕರ ಎಷ್ಟೋ ಸಮೀಕ್ಷಾ ವರದಿಗಳನ್ನು ತಲೆದೂಗುತ್ತ ಓದಿದ್ದೆನಾದರೂ ಹಾಗೆ ಸಿಟ್ಟು ಬಂದಿರಲಿಲ್ಲ.

ಈ ಕಾದಂಬರಿ ಹಳ್ಳಿಯಲ್ಲೇ ನಿಲ್ಲುವುದಿಲ್ಲ. ಉತ್ತರದ ಬಂಡವಾಳಗಾರರು ದಕ್ಷಿಣದ ಜಮೀನ್ದಾರರೊಡನೆ ಕೈಜೋಡಿಸಿ ಹತ್ತಿಯ ಮಾರುಕಟ್ಟೆಯನ್ನು ಹೇಗೆ ಹಿಡಿತಕ್ಕೆ ತೆಗೆದುಕೊಳ್ಳುತ್ತಾರೆ, ಕಪ್ಪು ಮಕ್ಕಳ ಶಾಲೆಗೆ ಬರುವ ದೇಣಿಗೆ ಆ ಲಾಭದ ಲೆಕ್ಕಾಚಾರಕ್ಕೆ ಹೇಗೆ ಸಿಕ್ಕಿಹಾಕಿಕೊಳ್ಳುತ್ತದೆ, ವಾಷಿಂಗ್ಟನ್ ನಗರದ ರಾಜಕೀಯದಲ್ಲಿ ಕಪ್ಪು ಯುವಕನೊಬ್ಬನ ಪ್ರಾಮಾಣಿಕತೆಗೆ ಎಷ್ಟು ಬೆಲೆ ಬರುತ್ತದೆ ಎಂಬುದನ್ನೆಲ್ಲ ಅದು ಒಂದೇ ಹತ್ತಿಯ ಎಳೆಯಲ್ಲಿ ಪೋಣಿಸುತ್ತದೆ. ಕಟ್ಟಡದಲ್ಲಿ ದೋಷಗಳಿವೆ. ಸಂಭಾಷಣೆಗಳು ಕೆಲವೆಡೆ ಭಾಷಣಗಳಾಗುತ್ತವೆ, ಕಾಕತಾಳೀಯಗಳು ಹೆಚ್ಚು. ಆದರೆ ಬಾಲ್ಯದಲ್ಲಿಯೇ ಬಿಳಿಯರ ದೌರ್ಜನ್ಯಕ್ಕೆ ತುತ್ತಾದ ಹೆಣ್ಣೊಬ್ಬಳನ್ನು ನಾಯಕಿಯಾಗಿಸಿ, ಅವಳನ್ನು ಕರುಣೆಯ ವಸ್ತುವಾಗಿ ಉಳಿಸದೆ, ಜೌಗುಕಾಡನ್ನೇ ಕೊಂಡು ತನ್ನ ಜನರಿಗಾಗಿ ಸಹಕಾರಿ ಬೇಸಾಯ ಕಟ್ಟುವ ನಾಯಕಿಯಾಗಿ ಬೆಳೆಸಿದ್ದು, ಕೊನೆಯಲ್ಲಿ ಮದುವೆಯ ಪ್ರಸ್ತಾಪವನ್ನೂ ಅವಳ ಬಾಯಿಂದಲೇ ಆಡಿಸಿದ್ದು 1911ರ ಮಟ್ಟಿಗೆ ಸಣ್ಣ ಧೈರ್ಯವಲ್ಲ.

ಅಷ್ಟು ಹೊತ್ತಿಗೆ ಡು ಬಾಯ್ಸ್ ಪೂರ್ಣಾವಧಿಯ ಹೋರಾಟಗಾರರಾಗಿದ್ದರು. 1905ರಲ್ಲಿ ಕಪ್ಪು ಜನರ ಸಮಾನ ಹಕ್ಕುಗಳಿಗಾಗಿ ನಯಾಗರಾ ಚಳವಳಿ, 1909ರಲ್ಲಿ ಎನ್‌ಎಎಸಿಪಿ ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯ ಸ್ಥಾಪನೆ, 1910ರ ನವೆಂಬರಿನಿಂದ ಅದರ ಮಾಸಪತ್ರಿಕೆ ‘ದಿ ಕ್ರೈಸಿಸ್’ನ ಸಂಪಾದಕತ್ವ. ಮೊದಲ ಸಂಚಿಕೆ ಅಚ್ಚಾದದ್ದು 1,000 ಪ್ರತಿ. ಹತ್ತು ವರ್ಷದೊಳಗೆ ಅದು 1,00,000ದ ಆಸುಪಾಸಿಗೆ ಏರಿತು. ಗುಂಪುಹತ್ಯೆಗಳ ತನಿಖೆ, ಯುದ್ಧದಿಂದ ಮರಳಿದ ಕಪ್ಪು ಸೈನಿಕರ ಮೇಲಾದ ಅನ್ಯಾಯ, ಆಫ್ರಿಕಾದ ವಸಾಹತುಗಳ ಸ್ಥಿತಿ, ಇವುಗಳ ಪಕ್ಕದಲ್ಲೇ ಕವಿತೆ ಕಥೆಗಳಿಗೂ ಜಾಗವಿತ್ತು. ಸಾಹಿತ್ಯ ಸಂಪಾದಕಿ ಜೆಸ್ಸಿ ಫಾಸೆಟ್ ಅವರ ಕಣ್ಣಿಗೆ ಬಿದ್ದ ಲ್ಯಾಂಗ್‌ಸ್ಟನ್ ಹ್ಯೂಸ್ ಎಂಬ ಹತ್ತೊಂಬತ್ತರ ತರುಣನ ನದಿಗಳ ಕವಿತೆ 1921ರಲ್ಲಿ ಬೆಳಕು ಕಂಡದ್ದು ಈ ಪತ್ರಿಕೆಯಲ್ಲಿಯೇ. ಕಲೆಯೆಲ್ಲವೂ ಪ್ರಚಾರವೇ, ತನ್ನ ಜನರ ಪ್ರೀತಿಸುವ ಹಕ್ಕು, ಸಂತೋಷಪಡುವ ಹಕ್ಕುಗಳ ಪರವಾಗಿ ದುಡಿಯದ ಕಲೆ ತನಗೆ ಬೇಕಿಲ್ಲ ಎಂದು ಡು ಬಾಯ್ಸ್ 1926ರಲ್ಲಿ ವಾದಿಸಿದರು. ಆ ಮಾತು ಅನೇಕ ಕಿರಿಯ ಲೇಖಕರಿಗೆ ಒಪ್ಪಿಗೆಯಾಗಲಿಲ್ಲ, ಮತ್ತು ಅವರ ಅಸಮ್ಮತಿಯಲ್ಲಿ ನ್ಯಾಯವಿತ್ತು. ಆದರೂ ಅದನ್ನು ಹೇಳಿದವನು ತನ್ನ ವರದಿಯನ್ನು ಸರ್ಕಾರ ನಾಶಮಾಡಿದ್ದನ್ನು ಕಂಡವನು ಎಂಬುದನ್ನು ನೆನಪಿಟ್ಟುಕೊಂಡರೆ ಆ ಮಾತಿನ ತೂಕ ಅರ್ಥವಾಗುತ್ತದೆ.

ನಮ್ಮ ದೇಶದ ಓದುಗರಿಗೆ ಅವರ ಎರಡನೆಯ ಕಾದಂಬರಿ, 1928ರ ‘ಡಾರ್ಕ್ ಪ್ರಿನ್ಸೆಸ್’, ಹೆಚ್ಚು ಕುತೂಹಲ ಹುಟ್ಟಿಸುತ್ತದೆ. ತಮ್ಮ ಪುಸ್ತಕಗಳಲ್ಲೆಲ್ಲ ತಮಗೆ ಅತ್ಯಂತ ಪ್ರಿಯವಾದುದು ಇದೇ ಎಂದು ಡು ಬಾಯ್ಸ್ ಬರೆದಿದ್ದಾರೆ. ಬಿಳಿಯ ಗರ್ಭಿಣಿಯರನ್ನು ಕಪ್ಪು ವಿದ್ಯಾರ್ಥಿ ಮುಟ್ಟಬಾರದೆಂಬ ಕಾರಣಕ್ಕೆ ಪ್ರಸೂತಿ ತರಗತಿಗೆ ಸೇರಲಾಗದೆ ವೈದ್ಯಕೀಯ ಓದನ್ನೇ ಬಿಟ್ಟು ಬರ್ಲಿನ್‌ಗೆ ಹೋಗುವ ಮ್ಯಾಥ್ಯೂ ಟೌನ್ಸ್, ಅಲ್ಲಿ ಬ್ವೋದ್‌ಪುರ ಎಂಬ ಕಲ್ಪಿತ ಭಾರತೀಯ ಸಂಸ್ಥಾನದ ರಾಜಕುಮಾರಿ ಕೌಟಿಲ್ಯಳನ್ನು ಭೇಟಿಯಾಗುತ್ತಾನೆ. ಬಿಳಿಯರ ಆಳ್ವಿಕೆಯ ವಿರುದ್ಧ ಏಷ್ಯಾ ಮತ್ತು ಆಫ್ರಿಕಾದ ಜನರನ್ನು ಒಂದುಗೂಡಿಸಲು ಅವಳ ಸುತ್ತ ಒಂದು ಗುಪ್ತ ಮಂಡಲಿ ಸೇರಿರುತ್ತದೆ. ಆದರೆ ಆ ಮಂಡಲಿಯ ಹಲವರು ಅಮೆರಿಕದ ಕಪ್ಪು ಜನರಿಗೆ ತಮ್ಮ ಸಾಲಿನಲ್ಲಿ ಕೂರುವ ಯೋಗ್ಯತೆ ಇದೆಯೇ ಎಂದು ಸಂಶಯಪಡುತ್ತಾರೆ. ತುಳಿತಕ್ಕೊಳಗಾದವರ ನಡುವೆಯೂ ಮೇಲುಕೀಳಿನ ಏಣಿ ಇದೆಯೆಂದು ಅಷ್ಟು ನಿಚ್ಚಳವಾಗಿ ಕಂಡು, ಊಟದ ಮೇಜಿನ ಸುತ್ತಲಿನ ಮಾತುಕತೆಯಾಗಿ ಅದನ್ನು ಬರೆದದ್ದು ಈ ಕಾದಂಬರಿಯ ಅತ್ಯುತ್ತಮ ಭಾಗವೆಂದು ನನ್ನ ಅಭಿಪ್ರಾಯ. ಅಲ್ಲಿಂದ ಕಥೆ ರೈಲಿನ ಬೋಗಿಗಳ ಕಪ್ಪು ಪರಿಚಾರಕರ ಬದುಕಿಗೆ, ಸೆರೆಮನೆಗೆ, ಷಿಕಾಗೋದ ಭ್ರಷ್ಟ ರಾಜಕೀಯಕ್ಕೆ ಹೊರಳಿ, ವರ್ಜೀನಿಯಾದ ಹಳ್ಳಿಯಲ್ಲಿ ಮ್ಯಾಥ್ಯೂವಿನ ಮುದಿ ತಾಯಿಯ ಮನೆಯಲ್ಲಿ ಮದುವೆಯೊಂದಿಗೆ ಮುಗಿಯುತ್ತದೆ.

ಭಾರತದ ಬಗ್ಗೆ ಅವರಿಗೆ ಈ ಆಸಕ್ತಿ ಹುಟ್ಟಿದ್ದು ಓದಿನಿಂದ ಮಾತ್ರವಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಲಾಲಾ ಲಜಪತ ರಾಯ್ ಅವರಿಗೆ ಸ್ನೇಹಿತರಾಗಿದ್ದರು. ಕಾದಂಬರಿಯ ಭಾರತೀಯ ಭಾಗವನ್ನು ತಿದ್ದಿಕೊಡಿರೆಂದು ಅವರು ಲಜಪತ ರಾಯ್ ಅವರಿಗೆ ಕಳುಹಿಸಿದ್ದರು. 1929ರ ಜುಲೈ ಸಂಚಿಕೆಯಲ್ಲಿ ‘ದಿ ಕ್ರೈಸಿಸ್’ ಗಾಂಧೀಜಿಯವರ ಸಂದೇಶವನ್ನು ಅಚ್ಚು ಹಾಕಿತು. ಗುಲಾಮರ ಮೊಮ್ಮಕ್ಕಳಾಗಿರುವುದಕ್ಕೆ ನಾಚಬೇಕಿಲ್ಲ, ಗುಲಾಮರ ಒಡೆಯರಾಗಿರುವುದಷ್ಟೇ ನಾಚಿಕೆಗೇಡು ಎಂಬುದು ಅದರ ಸಾರ. ಆದರೆ ‘ಡಾರ್ಕ್ ಪ್ರಿನ್ಸೆಸ್’ನಲ್ಲಿ ಕಾಣುವ ಭಾರತ ರಾಜಮನೆತನದ, ರತ್ನಾಭರಣಗಳ ಭಾರತ. ಜಾತಿಯ ಪ್ರಶ್ನೆ ಅದರ ಕೇಂದ್ರಕ್ಕೆ ಬರುವುದಿಲ್ಲ. ಅಮೆರಿಕದ ಒಂದು ಕೌಂಟಿಯ ಸಾಲದ ಪುಸ್ತಕವನ್ನು ಅಷ್ಟು ಸೂಕ್ಷ್ಮವಾಗಿ ಓದಬಲ್ಲವರು ಭಾರತದ ಹಳ್ಳಿಯನ್ನು ಅರಮನೆಯ ಕಿಟಕಿಯಿಂದ ಕಂಡರು ಎಂದು ನನಗೆ ಬೇಸರವಾಗುತ್ತದೆ. ಆ ಕೊರತೆಯನ್ನು ತುಂಬುವ ಪತ್ರವೊಂದು 1946ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರಿಂದ ಡು ಬಾಯ್ಸ್ ಅವರಿಗೆ ಹೋಯಿತು. ಅಮೆರಿಕದ ನೀಗ್ರೋಗಳ ಸ್ಥಿತಿಗೂ ಭಾರತದ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯಿಂದಾಗಿ ಮೊದಲನೆಯದರ ಅಧ್ಯಯನ ಸಹಜ ಮಾತ್ರವಲ್ಲ, ಅಗತ್ಯವೂ ಹೌದು ಎಂದು ಬರೆದ ಬಾಬಾಸಾಹೇಬರು, ಕಪ್ಪು ಅಮೆರಿಕನ್ನರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿಗಳನ್ನು ಕೇಳಿದ್ದರು; ಅಸ್ಪೃಶ್ಯರೂ ಅಂಥದೇ ದಾರಿ ಹಿಡಿಯುವ ಯೋಚನೆ ಅವರಿಗಿತ್ತು. ಅದೇ ವರ್ಷದ ಜುಲೈನಲ್ಲಿ ಉತ್ತರಿಸಿದ ಡು ಬಾಯ್ಸ್, ಅಂಬೇಡ್ಕರ್ ಅವರ ಹೆಸರು ತಮಗೆ ತಿಳಿದೇ ಇದೆಯೆಂದೂ ಅಸ್ಪೃಶ್ಯರ ಬಗ್ಗೆ ತಮಗೆ ಸಂಪೂರ್ಣ ಸಹಾನುಭೂತಿ ಇದೆಯೆಂದೂ ತಿಳಿಸಿದರು.

ಮಧ್ಯದ ವರ್ಷಗಳ ದೊಡ್ಡ ಸಾಧನೆ 1935ರ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್’. ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ನಂತರ ಕಪ್ಪು ಜನರ ಕೈಗೆ ಅಧಿಕಾರ ಕೊಟ್ಟದ್ದೇ ದಕ್ಷಿಣದ ಅಧಃಪತನಕ್ಕೆ ಕಾರಣವೆಂದು ವಿಶ್ವವಿದ್ಯಾಲಯಗಳಲ್ಲಿ ಕಲಿಸುತ್ತಿದ್ದ ಕಾಲದಲ್ಲಿ, ಹೊಲ ಬಿಟ್ಟು ಉತ್ತರದ ಸೇನೆಯ ಕಡೆಗೆ ನಡೆದ ಗುಲಾಮರು ನಡೆಸಿದ್ದು ಒಂದು ಸಾರ್ವತ್ರಿಕ ಮುಷ್ಕರವೆಂದು ಅವರು ವಾದಿಸಿದರು. ಅಮೆರಿಕದ ಪ್ರಮುಖ ಇತಿಹಾಸ ಪತ್ರಿಕೆ ಆ ಪುಸ್ತಕವನ್ನು ವಿಮರ್ಶೆಗೇ ಎತ್ತಿಕೊಳ್ಳಲಿಲ್ಲ. ಇಂದು ಆ ಅವಧಿಯ ಬಗ್ಗೆ ಬರೆಯುವ ಯಾವ ಗಂಭೀರ ಇತಿಹಾಸಕಾರನೂ ಅದನ್ನು ದಾಟಿ ಹೋಗುವಂತಿಲ್ಲ.

1951ರಲ್ಲಿ, ಎಂಬತ್ತಮೂರರ ಹೊಸ್ತಿಲಲ್ಲಿ, ಅಣ್ವಸ್ತ್ರಗಳ ವಿರುದ್ಧ ಸಹಿ ಸಂಗ್ರಹಿಸಿದ ಸಂಸ್ಥೆಯ ಅಧ್ಯಕ್ಷರೆಂಬ ಕಾರಣಕ್ಕೆ, ನೋಂದಾಯಿಸಿಕೊಳ್ಳದ ವಿದೇಶಿ ಏಜೆಂಟ್ ಎಂಬ ಆರೋಪ ಹೊರಿಸಿ ಸರ್ಕಾರ ಅವರ ಕೈಗೆ ಕೋಳ ತೊಡಿಸಿತು. ಸಾಕ್ಷ್ಯವಿಲ್ಲವೆಂದು ನ್ಯಾಯಾಧೀಶರು ಅದೇ ವರ್ಷ ಮೊಕದ್ದಮೆಯನ್ನು ವಜಾ ಮಾಡಿದರೂ, ಪಾಸ್‌ಪೋರ್ಟ್ ಸಿಗದಂತೆ 1958ರವರೆಗೂ ತಡೆಯಲಾಯಿತು. ಹೀಗಾಗಿ ಏಷ್ಯಾ ಮತ್ತು ಆಫ್ರಿಕಾದ ದೇಶಗಳು ಸೇರಿದ್ದ 1955ರ ಬಾಂಡುಂಗ್ ಸಮ್ಮೇಳನಕ್ಕೂ 1957ರ ಘಾನಾದ ಸ್ವಾತಂತ್ರ್ಯೋತ್ಸವಕ್ಕೂ ಅವರು ಹೋಗಲಾಗಲಿಲ್ಲ. ಈ ವರ್ಷಗಳಲ್ಲಿ ಸೋವಿಯತ್ ವ್ಯವಸ್ಥೆಯ ಬಗ್ಗೆ, ಸ್ಟಾಲಿನ್ ಬಗ್ಗೆ ಅವರು ಬರೆದ ಮೆಚ್ಚುಗೆಯ ಮಾತುಗಳನ್ನು ನಾನು ಸಮರ್ಥಿಸಲಾರೆ. ತಮ್ಮ ದೇಶದ ದಬ್ಬಾಳಿಕೆಯನ್ನು ಅಷ್ಟು ಚೆನ್ನಾಗಿ ಅಳೆದವರು ಇನ್ನೊಂದು ದಬ್ಬಾಳಿಕೆಯ ಮುಂದೆ ಅಳತೆಗೋಲನ್ನೇ ಕೆಳಗಿಟ್ಟರು.

ಹೊರಗೆ ಹೋಗಲಾಗದ ಆ ಮುದುಕ ಮನೆಯಲ್ಲಿ ಕುಳಿತು ಮಾಡಿದ್ದೇನು? ಮೂರು ಸಂಪುಟಗಳ ಕಾದಂಬರಿಯೊಂದನ್ನು ಬರೆಯತೊಡಗಿದರು. ‘ದಿ ಬ್ಲ್ಯಾಕ್ ಫ್ಲೇಮ್’ ಎಂಬ ಈ ತ್ರಿವಳಿಯ ಸಂಪುಟಗಳು 1957, 1959 ಮತ್ತು 1961ರಲ್ಲಿ ಪ್ರಕಟವಾದವು. ನಾಯಕ ಮ್ಯಾನ್ಯುಯೆಲ್ ಮಾನ್ಸಾರ್ಟ್ ಹುಟ್ಟುವುದು 1876ರಲ್ಲಿ, ತಂದೆಯನ್ನು ಬಿಳಿಯರ ಗುಂಪು ಕೊಂದ ಅದೇ ರಾತ್ರಿ. ಅವನು ಮೇಷ್ಟರಾಗಿ, ಕಾಲೇಜಿನ ಮುಖ್ಯಸ್ಥನಾಗಿ ಬದುಕುವ ಸುಮಾರು ಎಂಟು ದಶಕಗಳ ಕಥೆಯೇ ಕಪ್ಪು ಅಮೆರಿಕದ ಇತಿಹಾಸವಾಗುತ್ತದೆ. ಬೂಕರ್ ಟಿ. ವಾಷಿಂಗ್ಟನ್‌ರಂಥ ನಿಜವಾದ ವ್ಯಕ್ತಿಗಳೂ ಅಲ್ಲಿ ಬಂದುಹೋಗುತ್ತಾರೆ. ಮೊದಲ ಸಂಪುಟದ ಕೊನೆಯಲ್ಲಿ ಅವರು ತಮ್ಮ ವಿಧಾನವನ್ನು ವಿವರಿಸಿದ್ದಾರೆ. ಸಮಯವೂ ಹಣವೂ ಇದ್ದಿದ್ದರೆ ಶುದ್ಧ ಇತಿಹಾಸದ ಸಂಶೋಧನೆಯನ್ನೇ ಮುಂದುವರಿಸುತ್ತಿದ್ದೆ. ಆ ಅವಕಾಶ ಕೈತಪ್ಪಿತು, ಕಾಲ ಮುಗಿಯುತ್ತಿದೆ. ಆದ್ದರಿಂದ ಕಲಿತದ್ದನ್ನೂ ಊಹಿಸಿದ್ದನ್ನೂ ಐತಿಹಾಸಿಕ ಕಾದಂಬರಿಯ ಮೂಲಕ ಉಳಿಸಲು ಯತ್ನಿಸುತ್ತಿದ್ದೇನೆ ಎಂಬುದು ಅದರ ತಾತ್ಪರ್ಯ. ಲೌಂಡ್ಸ್ ಕೌಂಟಿಯ ವರದಿ ನಾಶವಾಗಿ ಅರ್ಧ ಶತಮಾನ ಕಳೆದಿದ್ದರೂ ಅವರು ಅದೇ ಕೆಲಸವನ್ನು ಮಾಡುತ್ತಿದ್ದರು.

1961ರಲ್ಲಿ ಘಾನಾದ ನಾಯಕ ಕ್ವಾಮೆ ಎನ್‌ಕ್ರುಮಾ ಅವರ ಆಹ್ವಾನದ ಮೇಲೆ, ಆಫ್ರಿಕಾದ ವಿಶ್ವಕೋಶವೊಂದನ್ನು ಸಂಪಾದಿಸಲು ಅವರೂ ಎರಡನೆಯ ಪತ್ನಿ, ಲೇಖಕಿ ಶರ್ಲಿ ಗ್ರಹಾಂ ಅವರೂ ಅಕ್ರಾ ನಗರಕ್ಕೆ ಹೋದರು. ವಿಶ್ವಕೋಶದ ಕೆಲಸ ಆರಂಭದ ಹಂತದಲ್ಲಿರುವಾಗಲೇ 1963ರ ಆಗಸ್ಟ್ 27ರಂದು, 95ನೆಯ ವಯಸ್ಸಿನಲ್ಲಿ, ಘಾನಾದ ಪ್ರಜೆಯಾಗಿ ತೀರಿಕೊಂಡರು. ಮರುದಿನ ವಾಷಿಂಗ್ಟನ್ ನಗರದಲ್ಲಿ ನಾಗರಿಕ ಹಕ್ಕುಗಳಿಗಾಗಿ ನಡೆದ ಮಹಾ ಮೆರವಣಿಗೆಯಲ್ಲಿ ಸೇರಿದ್ದ ಜನಸ್ತೋಮಕ್ಕೆ ಎನ್‌ಎಎಸಿಪಿಯ ರಾಯ್ ವಿಲ್ಕಿನ್ಸ್ ಆ ಸುದ್ದಿಯನ್ನು ತಿಳಿಸಿದರು.

ಅವರ ಕಾದಂಬರಿಗಳನ್ನು ಓದಬಯಸುವವರಿಗೆ ನನ್ನ ಸಲಹೆ ಇಷ್ಟು. ಮೊದಲು ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ನ ಜಾನ್‌ನ ಕಥೆಯನ್ನೂ, 1920ರ ‘ಡಾರ್ಕ್‌ವಾಟರ್’ನಲ್ಲಿರುವ ‘ದಿ ಕಾಮೆಟ್’ ಎಂಬ ಸಣ್ಣಕಥೆಯನ್ನೂ ಓದಿ. ಧೂಮಕೇತುವಿನ ವಿಷಗಾಳಿಗೆ ನ್ಯೂಯಾರ್ಕ್ ನಗರವೇ ಸತ್ತು, ಬ್ಯಾಂಕೊಂದರ ಕಪ್ಪು ಸಂದೇಶವಾಹಕ ಮತ್ತು ಒಬ್ಬ ಶ್ರೀಮಂತ ಬಿಳಿಯ ಯುವತಿ ಇಬ್ಬರೇ ಬದುಕುಳಿದಂತೆ ಕಾಣುವ ಆ ಕಥೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಅನಂತರ ಹತ್ತಿಯ ಕಾದಂಬರಿಗೆ ಹೋಗಿ. ಈ ಮೂರು ಪುಸ್ತಕಗಳೂ ಹಕ್ಕುಸ್ವಾಮ್ಯದ ಅವಧಿ ಮುಗಿದು ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ‘ಡಾರ್ಕ್ ಪ್ರಿನ್ಸೆಸ್’ ಅನ್ನು ಅಂಬೇಡ್ಕರ್ ಅವರ ಪತ್ರದೊಡನೆ ಇಟ್ಟುಕೊಂಡು ಓದಿದರೆ ಒಳ್ಳೆಯದು. ಮಾನ್ಸಾರ್ಟ್‌ನ ಮೂರು ಸಂಪುಟಗಳಿಗೆ ತಾಳ್ಮೆ ಬೇಕು. ಅವುಗಳನ್ನು ಕೊನೆಗೆ ಇಟ್ಟುಕೊಳ್ಳಿ.